ಚೌಡಕ್ಕನ ಮೊಣಕೈ

2008ರ ಬೇಸಿಗೆ, ಬೆಳಗಿನ ಐದೂಮುಕ್ಕಾಲು. ಹಿಂದೂಪುರದ ಹತ್ತಿರದ ಪರಿಗಿಯಿಂದ ಎರಡು ಮೈಲಿ ಒಳಕ್ಕೆ, ಮರುಳಪ್ಪನವರ ತೋಟದ ಬಾವಿಗೆ ಮೂವತ್ತೆಂಟು ಮೆಟ್ಟಿಲು. ನಾನು ಒಂಬತ್ತನೆಯದರ ಮೇಲೆ ಕೂತಿದ್ದೇನೆ. ಹತ್ತನೆಯದಕ್ಕೆ ಇಳಿಯುವ ಧೈರ್ಯವಿಲ್ಲ. ನನಗೆ ಈಜು ಬರುವುದಿಲ್ಲ. ಬಾವಿಯ ಹತ್ತಿರ ಹೋದರೆ ಕಾಲು ಮುರಿಯುತ್ತೇನೆ ಎಂದು ಅಜ್ಜಿ ಚಿಕ್ಕಂದಿನಲ್ಲಿ ಹೆದರಿಸಿದ್ದಳು. ನಲವತ್ತು ದಾಟಿದರೂ ಆ ಹೆದರಿಕೆ ಮೈಬಿಟ್ಟು ಹೋಗಿಲ್ಲ. ಕೆಳಗೆ ನೀರು ಇನ್ನೂ ಕಪ್ಪಗಿದೆ. ಎಷ್ಟು ಆಳ ಎಂದು ಕೇಳಿದೆ. "ಇಪ್ಪತ್ತೈದು ಅಡಿ, ಈಗ ಬ್ಯಾಸ್ಗೆ ಅಲ್ವಾ, ಕಮ್ಮಿ ಆಗೈತೆ" ಅಂದರು ಮರುಳಪ್ಪ, ನನಗೆ ಸಮಾಧಾನ ಹೇಳುವವರ ಹಾಗೆ.

ನೀರಿನ ನಡುವೆ ಚೌಡಕ್ಕ ನಿಂತಿದ್ದಾರೆ. ನಿಂತಿದ್ದಾರೆ ಎನ್ನುವುದು ತಪ್ಪು, ಕಾಲಿಗೆ ನೆಲ ಸಿಗುವ ಜಾಗ ಇಲ್ಲೆಲ್ಲೂ ಇಲ್ಲ. ಎರಡೂ ಕಾಲನ್ನು ನೀರೊಳಗೆ ಸುತ್ತಿಸುತ್ತ, ಎದೆಯವರೆಗೆ ಮೇಲೆದ್ದು, ಕೈ ಕಟ್ಟಿಕೊಂಡು ಇದ್ದಾರೆ. ಮೂವತ್ತೊಂದರ ವಯಸ್ಸು, ಚೂಡಿದಾರದ ಮೇಲೆ ಹಳೆಯ ಟೀ ಶರ್ಟು. ಕೆಳಗಿನ ಮೆಟ್ಟಿಲುಗಳಲ್ಲಿ ಹನ್ನೊಂದು ಹುಡುಗಿಯರು ಸಾಲಾಗಿ ಕೂತಿದ್ದಾರೆ. ಎಲ್ಲರ ಬೆನ್ನಿಗೂ ಒಣಗಿದ ಕತ್ತಾಳೆ ಬೊಂತೆಯ, ಅಂದರೆ ಅದರ ಹಗುರಾದ ದಂಟಿನ, ತುಂಡು ಕಟ್ಟಿದೆ. ಅದು ತೇಲುತ್ತದೆ, ತೇಲಿಸುತ್ತದೆ. ಚೌಡಕ್ಕ ಹುಡುಗಿಯರಿಗೆ ಬೆನ್ನು ಮಾಡಿದ್ದಾರೆ. ಯಾವ ಹುಡುಗಿ ಬರುತ್ತಾಳೆ, ಯಾವಾಗ ಬರುತ್ತಾಳೆ ಎಂದು ಚೌಡಕ್ಕನಿಗೆ ಗೊತ್ತಾಗಬಾರದು.

ಒಬ್ಬಳು ಸದ್ದಿಲ್ಲದೆ ನೀರಿಗೆ ಜಾರುತ್ತಾಳೆ. ಹಿಂದಿನಿಂದ ಬಂದು ಚೌಡಕ್ಕನ ಕುತ್ತಿಗೆಗೆ ಎರಡೂ ಕೈ ಹಾಕಿ ಜೋತು ಬೀಳುತ್ತಾಳೆ. ಚೌಡಕ್ಕನ ಬಲ ಮೊಣಕೈ ನಾಲ್ಕು ಬೆರಳಿನಷ್ಟು ಹಿಂದಕ್ಕೆ ಎಗರಿ ಅಲ್ಲೇ ನಿಲ್ಲುತ್ತದೆ. "ಗಟ್ಟಿಗಾ ಪಟ್ಟುಕೋ!" ಎಂದು ತೆಲುಗಿನಲ್ಲಿ ಕೂಗುತ್ತಾರೆ, ಗಟ್ಟಿಯಾಗಿ ಹಿಡಿದುಕೋ ಎಂದು. ಗದ್ದವನ್ನು ಎದೆಗೊತ್ತಿ, ಹುಡುಗಿಯ ಮಣಿಕಟ್ಟು ಹಿಡಿದು, ಬರೀ ಕಾಲಿನ ಬಲದಲ್ಲಿ ಅವಳನ್ನು ಮೆಟ್ಟಿಲಿಗೆ ತಂದು ಕೂರಿಸುತ್ತಾರೆ. ಮತ್ತೆ ನಡುನೀರಿಗೆ ಹೋಗಿ ಬೆನ್ನು ತಿರುಗಿಸುತ್ತಾರೆ. ಒಬ್ಬೊಬ್ಬ ಹುಡುಗಿಗೆ ಮೂರು ಸರ್ತಿ, ದಿನಕ್ಕೆ ಮೂವತ್ತಮೂರು ಸಲ.

ನೋಡಿದವರು ಮಕ್ಕಳಿಗೆ ಪಾಠ ನಡೆಯುತ್ತಿದೆ ಅಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಪಾಠ ಆ ಮೊಣಕೈಗೆ ಎಂದು ತಿಳಿಯಲು ಎರಡು ದಿನ ಬೇಕಾಯಿತು.

ನಿಜ ಹೇಳಬೇಕೆಂದರೆ ನಾನು ಪತ್ರಿಕೆಗೆ ಬರೆಯಲೆಂದು ಹುಡುಕಿಕೊಂಡು ಬಂದದ್ದು ಬೇರೆ ಕಥೆಯನ್ನು. ಹಿಂದೂಪುರದ ಹುಣಸೆ ಮಂಡಿಯಲ್ಲಿ ಬೀಜ ಬಿಡಿಸುವ ಹೆಂಗಸೊಬ್ಬಳು ಒಂದು ಕಾಲಕ್ಕೆ ವಾಟರ್ ಪೋಲೊ ಚಾಂಪಿಯನ್ ಅಂತೆ, ನಾಲ್ಕು ಸೀನಿಯರ್ ನ್ಯಾಷನಲ್ಸ್ ಆಡಿದ್ದಾಳಂತೆ, ಒಂದು ಚಿನ್ನ, ಎರಡು ಬೆಳ್ಳಿಯಂತೆ ಎಂದು ಯಾರೋ ಹೇಳಿದ್ದರು. ಇಂಥ ಕಥೆಗಳಿಗೆ ನಮ್ಮಲ್ಲಿ ಅಚ್ಚು ರೆಡಿ ಇರುತ್ತದೆ. ಸರ್ಕಾರ ಕೈಬಿಟ್ಟಿತು, ಪದಕ ತುಕ್ಕು ಹಿಡಿಯಿತು, ಎರಡು ಹನಿ ಕಣ್ಣೀರು, ಒಂದು ಫೋಟೊ. ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು ಮಂಡಿಗೆ ಹೋದೆ.

ಚೌಡಕ್ಕ ಅಚ್ಚಿಗೆ ಒಗ್ಗಲಿಲ್ಲ. "ಯಾರೂ ಕೈಬುಟ್ಟಿಲ್ಲ ಮೇಡಮ್. ಕೋಚ್ ಮಾಡ್ತೀವಿ ಬಾ ಅಂದ್ರು, ನಾನೇ ಒಲ್ಲೆ ಅಂದೆ" ಅಂದರು, ಹುಣಸೆಯ ಓಡು ಬಡಿಯುವುದನ್ನು ನಿಲ್ಲಿಸದೆ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಮಂಡಿ. ದಿನಕ್ಕೆ ಇಪ್ಪತ್ತು ಕೆಜಿ ಹಣ್ಣು ಬಿಡಿಸುತ್ತಾರೆ. ಸುತ್ತ ಕೂತ ಹೆಂಗಸರೆಲ್ಲ ಒಬ್ಬರ ಬೆನ್ನಿಗೊಬ್ಬರು ಆನಿಸಿಕೊಂಡು ಕೂತಿದ್ದರೆ, ಚೌಡಕ್ಕ ಮಾತ್ರ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದರು. ಕೆಲಸದ ನಡುವೆ ಒಬ್ಬ ಹೆಂಗಸು ನೀರಿನ ಚೊಂಬು ಕೊಡಲು ಪಕ್ಕದಿಂದ ಭುಜ ಮುಟ್ಟಬೇಕಾಗಿತ್ತು. ಮುಟ್ಟುವ ಮೊದಲು, "ಚೌಡಕ್ಕಾ, ನಾನು ಕಣೆ" ಅಂದಳು.

ಅವರ ಊರು ಕಲ್ಯಾಣದುರ್ಗದ ಹತ್ತಿರದ ಹಳ್ಳಿ. ತಂದೆ ಯರ್ರಿಸ್ವಾಮಿಯವರ ಕಸುಬು ಬಾವಿಗೆ ಮುಳುಗುವುದು. ಪಂಪಿನ ಪೈಪಿನ ತಳದಲ್ಲಿ, ನೀರೊಳಗೆ, ಫುಟ್‌ವಾಲ್ವ್ ಎಂಬ ಕಬ್ಬಿಣದ ಗಡ್ಡೆಯೊಂದಿರುತ್ತದೆ. ಅದಕ್ಕೆ ಕಸ ಸಿಕ್ಕಿಕೊಂಡರೆ ಮೋಟಾರು ಎಷ್ಟು ಕಿರುಚಿದರೂ ನೀರು ಬರುವುದಿಲ್ಲ. ಆಗ ಯರ್ರಿಸ್ವಾಮಿಗೆ ಕರೆ ಬರುತ್ತಿತ್ತು. ಮೂಗು ಹಿಡಿದು ಮುಳುಗಿ, ಕತ್ತಲಲ್ಲಿ ಕೈಯಾಡಿಸಿ ಬೋಲ್ಟು ಬಿಚ್ಚಿ, ವಾಲ್ವನ್ನು ಮೇಲೆ ತರುತ್ತಿದ್ದರು. ಅವರು ಅದನ್ನು ಉಜ್ಜಿ ಹಗ್ಗ ಕಟ್ಟುವವರೆಗೆ, ಏಳೆಂಟು ಕೆಜಿಯ ಆ ಗಡ್ಡೆಯನ್ನು ಎರಡೂ ಕೈಯಲ್ಲಿ ತಲೆಯ ಮೇಲೆ ಎತ್ತಿ ಹಿಡಿಯುವ ಕೆಲಸ ಮಗಳದು. ಕಾಲಿಗೆ ನೆಲವಿಲ್ಲ, ಈಜಲು ಕೈಯಿಲ್ಲ. ಇರುವುದೆಲ್ಲ ಕಾಲು ಮಾತ್ರ.

"ಒಂಬತ್ತು ವರ್ಷಕ್ಕೇ ಹಿಡ್ದೀನಿ. ಮೊದಮೊದ್ಲು ಅತ್ತುಬುಡ್ತಿದ್ದೆ. ನಾನ್ನ ಏನಂತಿದ್ದ ಗೊತ್ತಾ? ಅಳು ಕಣಮ್ಮ, ಅತ್ರೆ ಬಾವಿಗೆ ನೀರು ಜಾಸ್ತಿ ಆಯ್ತದೆ, ವಾಲ್ವ್ ಮಾತ್ರ ಬುಡಬ್ಯಾಡ ಅಂತಿದ್ದ." ಅಪ್ಪನನ್ನು ಅವರು ತೆಲುಗಿನಲ್ಲಿ ನಾನ್ನ ಎಂದೇ ಕರೆಯುತ್ತಾರೆ. ಅಪ್ಪನ ಮಾತು ಬಂದಾಗ ನಗುತ್ತಾರೆ, ನಕ್ಕು ಮತ್ತೆ ಓಡು ಬಡಿಯುತ್ತಾರೆ.

1991ರಲ್ಲಿ, ಹುಡುಗಿಗೆ ಹದಿನಾಲ್ಕು. ಕಲ್ಯಾಣದುರ್ಗದ ಪಿ.ಟಿ. ಮೇಷ್ಟ್ರು ಓಬಳೇಶಪ್ಪ ತಮ್ಮ ಹೊಲದ ಮೋಟಾರು ಕೆಟ್ಟಿತೆಂದು ಯರ್ರಿಸ್ವಾಮಿಯನ್ನು ಕರೆಸಿದ್ದರು. ನೀರಿನಲ್ಲಿ ಕಬ್ಬಿಣ ಎತ್ತಿ ಹಿಡಿದು ಅಲುಗಾಡದೆ ನಿಂತ ಹುಡುಗಿಯನ್ನು ನೋಡಿ, ತಾವು ತರಬೇತಿ ಶಿಬಿರದಲ್ಲಿ ಒಮ್ಮೆ ಕಂಡಿದ್ದ ಆಟವೊಂದು ಅವರಿಗೆ ನೆನಪಾಯಿತು. ಒಂದೊಂದು ಕಡೆಗೆ ಏಳು ಜನ, ಯಾರೂ ತಳ ಮುಟ್ಟುವಂತಿಲ್ಲ, ಗೋಲ್‌ಕೀಪರ್ ಬಿಟ್ಟರೆ ಉಳಿದವರು ಚೆಂಡನ್ನು ಒಂದೇ ಕೈಯಲ್ಲಿ ಹಿಡಿಯಬೇಕು. ಮೇಷ್ಟ್ರು ಹೈದರಾಬಾದಿಗೆ ಕಾಗದ ಬರೆದರು. ಮೂರು ತಿಂಗಳಲ್ಲಿ ಚೌಡಕ್ಕ ಕ್ರೀಡಾ ಹಾಸ್ಟೆಲಿನಲ್ಲಿದ್ದರು. ಈಜುಕೊಳದ ನೀರು ನೋಡಿ ಮೊದಲ ದಿನ ಇಳಿಯಲೇ ಇಲ್ಲವಂತೆ. "ನೀರೊಳ್ಗೆ ನೆಲ ಕಾಣ್ಸಿದ್ದು ಅದೇ ಮೊದ್ಲು ಮೇಡಮ್. ಅಷ್ಟು ಆಳ ಐತೆ ಅಂತ ಕಣ್ಣಿಗೆ ಕಂಡ್ರೆ ಯಾರ್ಗೆ ಭಯ ಆಗಲ್ಲ?"

ಅವರು ಆಡಿದ ಜಾಗ ಎದುರಾಳಿಯ ಗೋಲಿನ ಎದುರಿಗೇ. ಅಲ್ಲಿ ಬೆನ್ನ ಹಿಂದೆ ಸದಾ ಒಬ್ಬಳು ಎದುರಾಳಿ ಅಂಟಿಕೊಂಡಿರುತ್ತಾಳೆ. ನೀರಿನ ಮೇಲೆ ರೆಫರಿಗೆ ಕಾಣುವುದು ಒಂದು ಆಟ, ನೀರಿನ ಕೆಳಗೆ ನಡೆಯುವುದೇ ಇನ್ನೊಂದು. ಸೊಂಟ ಹಿಡಿದು ಎಳೆಯುತ್ತಾರೆ, ಉಡುಪು ಜಗ್ಗುತ್ತಾರೆ, ಕತ್ತು ಅದುಮುತ್ತಾರೆ. ಕೋಚ್ ಅದಕ್ಕೆ ಮದ್ದು ಕಲಿಸಿದರು. ದಿನಕ್ಕೆ ನೂರು ಸಲ ಯಾರಾದರೂ ಹಿಂದಿನಿಂದ ಹಿಡಿಯಬೇಕು, ಚೌಡಕ್ಕ ಬಿಡಿಸಿಕೊಳ್ಳಬೇಕು. ಮೊಣಕೈ ಹಿಂದಕ್ಕೆ, ಸೊಂಟ ತಿರುವು, ಕಾಲಿನ ಒದೆತ, ಮುಂದಕ್ಕೆ ನುಗ್ಗು. ಅರ್ಧ ಸೆಕೆಂಡು. ಯೋಚನೆ ಮಾಡಿದರೆ ತಡವಾಗುತ್ತದೆ, ಆದ್ದರಿಂದ ಯೋಚಿಸಬಾರದು. ಹನ್ನೆರಡು ವರ್ಷ ಹೀಗೇ ನಡೆಯಿತು. ಅವಳನ್ನು ಹಿಡಿಯಲು ಆಗುವುದಿಲ್ಲ ಎಂದು ಎದುರು ತಂಡದವರೇ ಹೇಳುತ್ತಿದ್ದರು. 2001ರ ಫೈನಲ್‌ನಲ್ಲಿ ನಾಲ್ಕು ಗೋಲು, ರಾಜ್ಯಕ್ಕೆ ಚಿನ್ನ, ಚೌಡಕ್ಕ ಟೂರ್ನಿಯ ಅತ್ಯುತ್ತಮ ಆಟಗಾರ್ತಿ. ಆ ನಾಲ್ಕೂ ಗೋಲು ಬಂದದ್ದು ಬಿಡಿಸಿಕೊಂಡು ನುಗ್ಗಿಯೇ.

ಮುಂದಿನದನ್ನು ಅವರು ನನಗೆ ಹೇಳಿದ್ದು ಮಂಡಿಯ ಗೋಡೆಗೆ ಬೆನ್ನು ಕೊಟ್ಟುಕೊಂಡೇ. ನಾನು ಬರೆದುಕೊಳ್ಳುವುದನ್ನು ನಿಲ್ಲಿಸಿದೆ. "ಬರ್ಕಳಿ, ಎಲ್ರಿಗೂ ಹೇಳೀನಿ" ಅಂದರು.

2004ರ ಫೆಬ್ರವರಿ. ನ್ಯಾಷನಲ್ಸ್‌ಗೆ ಮುಂಚೆ ನಾಲ್ಕು ದಿನದ ರಜೆಯ ಮೇಲೆ ಊರಿಗೆ ಬಂದಿದ್ದರು. ಪಕ್ಕದ ತೋಟದಿಂದ ಅಪ್ಪನಿಗೆ ಕರೆ ಬಂತು. ಅಪ್ಪನಿಗೆ ಐವತ್ತಾರು, ಹಿಂದಿನ ವಾರವಷ್ಟೇ ಜ್ವರ ಬಿಟ್ಟಿತ್ತು. ನಾನೇ ಮುಳುಗುತ್ತೇನೆ ಎಂದು ಮಗಳು ಹೇಳಿದರೆ, "ನೀನು ನೇಷನಲ್ ಪ್ಲೇಯರ್ ಕಣಮ್ಮ, ಈ ಕೊಚ್ಚೇಲಿ ಯಾಕೆ" ಎಂದು ಅಪ್ಪ ನಕ್ಕರಂತೆ. ಬಾವಿಯಲ್ಲಿ ಇದ್ದವರು ಅವರಿಬ್ಬರೇ. ಚೌಡಕ್ಕ ನೀರಿನ ಮೇಲೆ, ವಾಲ್ವ್ ಹಿಡಿಯಲು ಕಾಯುತ್ತ. ಅಪ್ಪ ಕೆಳಗೆ.

"ಹೊತ್ತಾತು. ಒಂದ್ಕಿತ ಮುಳುಗಿ ನೋಡಾಣ ಅಂತ ಉಸ್ರು ಎಳ್ಕಂತಿದ್ದೆ. ಹಿಂದಿಂದ ಯಾರೋ ಕುತ್ಗೆ ಹಿಡ್ದ್ರು. ಜೋರಾಗಿ. ಮೊಣಕೈ ಹೋತು ಮೇಡಮ್. ನಾನು ಕಳುಸ್ಲಿಲ್ಲ, ಅದೇ ಹೋತು. ಸೊಂಟ ತಿರುಗ್ತು, ಕೈ ಬುಡುಸ್ಕಂಡು ಮುಂದಕ್ಕೆ ನುಗ್ದೆ. ನುಗ್ಗಿ..." ಇಲ್ಲಿ ಅವರು ಹುಣಸೆಯ ಓಡೊಂದನ್ನು ಕೈಯಲ್ಲಿ ಪುಡಿ ಮಾಡಿದರು. "ನುಗ್ಗಿ, ಬಾಲ್ ಎಲ್ಲೈತೆ ಅಂತ ನೋಡ್ದೆ."

ತಿರುಗಿ ನೋಡುವಷ್ಟರಲ್ಲಿ ನೀರಿನ ಮೇಲೆ ಯಾರೂ ಇರಲಿಲ್ಲ. ತಳದ ಕೆಸರು ಎದ್ದು ನೀರೆಲ್ಲ ಕದಡಿತ್ತು. ನಾಲ್ಕು ಸಲ ಮುಳುಗಿದರೂ ಕೈಗೆ ಏನೂ ಸಿಗಲಿಲ್ಲ. ಐದನೇ ಸಲಕ್ಕೆ ಅಪ್ಪ ಸಿಕ್ಕರು. ಉಸಿರಿರಲಿಲ್ಲ.

ಮಣ್ಣಿಗೆ ಬಂದ ಎಲ್ಲರ ಮುಂದೆಯೂ ಚೌಡಕ್ಕ ಇದನ್ನು ಹೇಳಿದರು. ಪೊಲೀಸರಿಗೂ ಹೇಳಿದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ದುಃಖಕ್ಕೆ ಏನೋ ಬಡಬಡಿಸುತ್ತಾಳೆ ಅಂದರು. ಬಾವಿಗೆ ಗಂಗಮ್ಮನ ಪೂಜೆ ತಪ್ಪಿತ್ತು, ಅದಕ್ಕೇ ಹೀಗಾಯಿತು ಅಂದರು. ಚೌಡಕ್ಕ ಆ ವರ್ಷದ ನ್ಯಾಷನಲ್ಸ್‌ಗೆ ಹೋಗಲಿಲ್ಲ. ಆಮೇಲೂ ಹೋಗಲಿಲ್ಲ. ಆ ಬಾವಿ ಕಣ್ಣಿಗೆ ಬೀಳದ ಊರು ಬೇಕೆಂದು ಹಿಂದೂಪುರಕ್ಕೆ ಬಂದರು.

ಮತ್ತೆ ಅವರನ್ನು ನೀರಿಗೆ ಎಳೆದದ್ದು ಮಂಡಿಯಲ್ಲಿ ಜೊತೆಗೆ ಕೆಲಸ ಮಾಡುವ ನಿರ್ಮಲಮ್ಮ. ನಮ್ಮ ಮಗಳು ಮೇಘನಾಗೆ ಈಜು ಕಲಿಸು ಎಂದು ಬೆನ್ನು ಬಿದ್ದರು. ಆರು ತಿಂಗಳು ಆಗುವುದಿಲ್ಲ ಎಂದ ಚೌಡಕ್ಕ ಕೊನೆಗೆ ಒಂದು ಕಟ್ಟಳೆ ಮಾಡಿಕೊಂಡು ಒಪ್ಪಿದರು. ಮಗುವನ್ನು ಸೇರಿಸಿಕೊಳ್ಳುವ ಮೊದಲು ತಾಯಿಯನ್ನು ಕೂರಿಸಿಕೊಂಡು ಅಪ್ಪನ ಸಾವನ್ನು ಪೂರ್ತಿ ಹೇಳುವುದು. ನನ್ನ ಕೈ ಹೀಗಿದೆ, ನಿಮ್ಮ ಮಗು ಹಿಂದಿನಿಂದ ಹಿಡಿದರೆ ಏಟು ಬೀಳಬಹುದು, ಯೋಚನೆ ಮಾಡಿ ಎನ್ನುವುದು. ಇದುವರೆಗೆ ಕೇಳಿಕೊಂಡು ಬಂದ ತಾಯಂದಿರು ಇಪ್ಪತ್ತಾರು. ಕೇಳಿಸಿಕೊಂಡ ಮೇಲೂ ಉಳಿದವರು ಹನ್ನೊಂದು.

ಹೆದರಿಕೆ ಸುಳ್ಳಲ್ಲ. ಮೂರು ವರ್ಷದಲ್ಲಿ ನಾಲ್ಕು ಸಲ ಮೊಣಕೈ ಮಾತು ಕೇಳಿಲ್ಲ. ಕೊನೆಯ ಸಲ, ಕಳೆದ ಅಕ್ಟೋಬರಿನಲ್ಲಿ, ಮೇಘನಾಳ ಮುಂದಿನ ಹಲ್ಲು ಅರ್ಧ ಮುರಿಯಿತು. ಎರಡು ತಿಂಗಳು ಚೌಡಕ್ಕ ಬಾವಿಯ ಕಡೆ ತಲೆ ಹಾಕಲಿಲ್ಲ. ನಿರ್ಮಲಮ್ಮನೇ ಹೋಗಿ ಕರೆತಂದರು. "ನಮ್ಮಕ್ಕ ಬಟ್ಟೆ ಒಗಿಯಾಕೆ ಹೋಗಿ ಬಾವಿಗೆ ಬಿದ್ದಾಗ ದಡದಾಗೆ ನಾಕು ಜನ ನಿಂತಿದ್ರು. ನಾನೂ ಇದ್ದೆ. ಒಬ್ರಿಗೂ ಈಜು ಬರ್ತಿರ್ಲಿಲ್ಲ. ಅರ್ಧ ಹಲ್ಲು ಹೋದ್ರೆ ಹೋತು ಬುಡಿ, ಮಗು ಇರ್ತದಲ್ಲ" ಎಂದು ನಿರ್ಮಲಮ್ಮ ನನಗೆ ಹೇಳಿದರು.

ಬಾವಿಯ ಮಾಲೀಕ ಮರುಳಪ್ಪನವರು ಹುಣಸೆ ವ್ಯಾಪಾರಿ. ಅವರ ಫುಟ್‌ವಾಲ್ವ್ ಕಟ್ಟಿಕೊಂಡಾಗಲೆಲ್ಲ ಚೌಡಕ್ಕ ಮುಳುಗಿ ಬಿಡಿಸಿಕೊಡುತ್ತಾರೆ, ಅದಕ್ಕೆ ಬದಲಾಗಿ ಬೆಳಗಿನ ಎರಡು ಗಂಟೆ ಬಾವಿ ಇವರದು. ಮರುಳಪ್ಪ ಬಾಯಲ್ಲಿ ಗೊಣಗುತ್ತಾರೆ. "ಯಾವ್ದಾನ ಮಗೀಗೆ ಏನಾನ ಆದ್ರೆ ನನ್ ತಲೆಗ್ ಬತ್ತದೆ ಕಣಮ್ಮ" ಎನ್ನುತ್ತಾರೆ. ಆದರೆ ದಿನಾ ಐದೂವರೆಗೇ ಬಂದು, ಲಾರಿಯ ಟ್ಯೂಬಿಗೆ ಹಗ್ಗ ಕಟ್ಟಿಕೊಂಡು, ಕೊನೆಯ ಹುಡುಗಿ ಮೇಲೆ ಬರುವವರೆಗೆ ದಡದ ಮೇಲೆ ಕೂತಿರುತ್ತಾರೆ.

ಮಾರನೆಯ ದಿನ ಪೆನುಕೊಂಡದಲ್ಲಿ ಬಸ್ಸು ಬದಲಿಸಿ ಕಲ್ಯಾಣದುರ್ಗಕ್ಕೆ ಹೋದೆ. ಚೌಡಕ್ಕನ ತಾಯಿ ಲಕ್ಷ್ಮೀದೇವಿ ಊರಂಚಿನ ಒಂದು ಕೋಣೆಯ ಮನೆಯಲ್ಲಿದ್ದಾರೆ. ನಾನು ತಲುಪುವಷ್ಟರಲ್ಲಿ ಹತ್ತು ದಾಟಿತ್ತು. ಆಗಷ್ಟೇ ಮುದ್ದೆಗೆ ಎಸರಿಟ್ಟಿದ್ದರು. ಇಷ್ಟು ತಡ ಯಾಕೆ ಎಂದರೆ ಮೊಬೈಲು ತೋರಿಸಿದರು. ಬೆಳಿಗ್ಗೆ ಹುಡುಗಿಯರೆಲ್ಲ ಬಾವಿಯಿಂದ ಮೇಲೆ ಬಂದ ಮೇಲೆ ಮಗಳು ಒಂದು ಮಿಸ್ಡ್ ಕಾಲ್ ಕೊಡುತ್ತಾಳೆ. ಅದು ಬರುವವರೆಗೆ ತಾಯಿ ಒಲೆ ಹಚ್ಚುವುದಿಲ್ಲ. ಆ ದಿನ ಎಂಟಕ್ಕೆ ಬರಬೇಕಾದ ಕರೆ ಬಂದದ್ದು ಒಂಬತ್ತೂವರೆಗೆ, ಮಗಳ ಫೋನಿನಲ್ಲಿ ಚಾರ್ಜ್ ಇರಲಿಲ್ಲವಂತೆ. "ಆ ಒಂದೂವರೆ ತಾಸು ನನ್ ಎದೆ ಎಲ್ಲಿತ್ತೋ ಆ ಗಂಗಮ್ಮಂಗೇ ಗೊತ್ತು ತಾಯಿ" ಅಂದರು.

ಗಂಡನ ಸಾವಿನ ಬಗ್ಗೆ ಅವರು ಹೆಚ್ಚು ಮಾತಾಡಲಿಲ್ಲ. "ಅವ್ನ ಉಸ್ರು ಮುಗ್ದಿತ್ತು, ಹೋದ. ಮಗಳ ಕೈ ಅಂತ ನಾನು ಅನ್ನಲ್ಲ. ಅವ್ಳು ಅಂತಾಳೆ" ಅಂದರು. ಮಗಳ ಮದುವೆಯ ಮಾತೆತ್ತಿದಾಗ ಮಾತ್ರ ಸೆರಗು ಬಾಯಿಗೆ ಹೋಯಿತು. "ಎರಡು ಸಂಬಂಧ ಬಂದಿದ್ವು. ಒಳ್ಳೆ ಜನ. ಒಲ್ಲೆ ಅಂದ್ಬುಟ್ಲು. ಯಾಕ್ಲೇ ಅಂದ್ರೆ, ಅಮ್ಮಾ, ಮಕ್ಳು ಅಂದ್ರೆ ಹಿಂದಿಂದ ಓಡಿ ಬಂದು ಕುತ್ಗೆಗೆ ಬೀಳವೇ ಅಲ್ವಾ, ಆಗ ನಾನೇನ್ ಮಾಡ್ಲಿ ಅಂದ್ಲು."

ಆ ಮಾತು ಬಸ್ಸಿನುದ್ದಕ್ಕೂ ನನ್ನ ಜೊತೆಗೇ ಬಂತು. ಮೂವತ್ತೊಂದರ ಹೆಂಗಸೊಬ್ಬಳು ತನ್ನ ಕೈಗೇ ಹೆದರಿ ಬದುಕುವುದು ಎಂದರೇನು ಎಂದು ಯೋಚಿಸುತ್ತ ನನಗೂ ಹೆದರಿಕೆಯಾಯಿತು. ಸಂಜೆ ಹಿಂದೂಪುರದಲ್ಲಿ ಇಳಿದವಳೇ ಮಂಡಿಯ ಬಾಗಿಲಲ್ಲಿ ಚೌಡಕ್ಕನನ್ನು ಹಿಡಿದು ಒಂದು ಪ್ರಶ್ನೆ ಕೇಳಿದೆ. ದಿನಾ ಮೂವತ್ತಮೂರು ಸಲ ತಡೆದುಕೊಳ್ಳುತ್ತೀರಲ್ಲ, ಇನ್ನೂ ಯಾಕೆ ಹೆದರಿಕೆ?

"ಅವು ಬತ್ತವೆ ಅಂತ ಗೊತ್ತಿರ್ತದಲ್ಲ ಮೇಡಮ್. ಬೆನ್ನು ತಿರುಗ್ಸಿದ್ರೂ ಮೈಗೆ ಗೊತ್ತಿರ್ತದೆ. ಆಟಕ್ಕೆ ಹಿಡಿಯೋದು ಬ್ಯಾರೆ, ಸಾಯೋರು ಹಿಡಿಯೋದು ಬ್ಯಾರೆ. ನಾನ್ನ ಹಿಡ್ದಿದ್ದು ನಂಗೆ ಇನ್ನೂ ಗ್ಯಾಪ್ಕ ಐತೆ, ಅದು ಆಟದ ಹಿಡ್ತ ಅಲ್ಲ. ಅಂಥದ್ದು ಇನ್ನೊಂದು ಬಂದ್ರೆ ಈ ಕೈ ಏನ್ ಮಾಡ್ತದೋ ನಂಗೊತ್ತಿಲ್ಲ. ಕಾಲನ್ನ ನಂಬ್ತೀನಿ. ಕೈನ ನಂಬಲ್ಲ." ಅಂಥ ಹಿಡಿತ ಬರಬಾರದು ಎಂದು ದಿನಾ ಬೇಡಿಕೊಳ್ಳುತ್ತಾರಂತೆ. ಬರದೆ ಗೊತ್ತಾಗುವುದೂ ಇಲ್ಲವಲ್ಲ ಎಂದೂ ಅವರೇ ಹೇಳಿದರು.

ಮೂರನೆಯ ಬೆಳಿಗ್ಗೆ ಫೋಟೊಗ್ರಾಫರ್ ಬರುತ್ತೇನೆಂದವನು ಬರಲಿಲ್ಲ. ನಾನೊಬ್ಬಳೇ ಹೋಗಿ, ಸ್ವಲ್ಪ ಧೈರ್ಯ ತಂದುಕೊಂಡು, ಇಪ್ಪತ್ತನೆಯ ಮೆಟ್ಟಿಲಲ್ಲಿ ಕೂತೆ. ಮೂವತ್ತಮೂರು ಹಿಡಿತಗಳೂ ಮುಗಿದಿದ್ದವು. ಮೊಣಕೈ ಒಮ್ಮೆಯೂ ಆ ನಾಲ್ಕು ಬೆರಳು ದಾಟಿರಲಿಲ್ಲ. ಅಂದು ಮೇಘನಾ ಮೊದಲ ಬಾರಿಗೆ ಬೊಂತೆ ಕಟ್ಟಿಕೊಳ್ಳದೆ ಬಾವಿ ದಾಟಬೇಕಿತ್ತು. ಹನ್ನೊಂದು ವರ್ಷದ ಕಡ್ಡಿ ಹುಡುಗಿ. ಆಚೆಯ ಗೋಡೆ ಮುಟ್ಟಿ, ಅರ್ಧ ಹಲ್ಲು ಬಿಟ್ಟು ನಕ್ಕಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನಡುನೀರಿನಿಂದಲೇ ವಾಪಸು ಬಾ ಎಂದು ಕೈಸನ್ನೆ ಮಾಡಿದ ಚೌಡಕ್ಕ, ಮೆಟ್ಟಿಲ ಮೇಲೆ ಜಾರಿದ ಚಿಕ್ಕ ಹುಡುಗಿಯೊಬ್ಬಳ ಕಡೆ ತಿರುಗಿದರು.

ನಡುನೀರಿಗೆ ಬಂದ ಮೇಘನಾಳ ಕಾಲಿಗೆ ಸೆಳೆತ ಬಂತು. ಅವಳು ಕೂಗಲಿಲ್ಲ. ಬಾಯಿ ತೆರೆದಳು, ನೀರು ಒಳಗೆ ಹೋಯಿತು, ತಲೆ ಮುಳುಗಿತು. ಕೂಗಬೇಕು ಎಂದು ಗೊತ್ತಿದ್ದೂ ನಾನೂ ಕೂಗಲಿಲ್ಲ. ಮತ್ತೆ ಮೇಲೆದ್ದ ಹುಡುಗಿ ಎದುರಿಗೆ ಸಿಕ್ಕ ಒಂದೇ ಒಂದನ್ನು, ಚೌಡಕ್ಕನ ಕುತ್ತಿಗೆಯನ್ನು, ಹಿಂದಿನಿಂದ ತಬ್ಬಿ ಹಿಡಿದಳು.

ಮೊಣಕೈ ಎದ್ದಿತು. ನಾನು ನೋಡಿದೆ. ನಾಲ್ಕು ಬೆರಳಲ್ಲ, ಪೂರ್ತಿ ಎದ್ದಿತು, ನೀರಿನಿಂದ ಹೊರಗೆ ಬಂತು. ಅದರ ಹಿಂದೆ ಆ ಮಗುವಿನ ಮುಖ ಇತ್ತು. ನಾನು ಕಣ್ಣು ಮುಚ್ಚಿಕೊಂಡೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಮುಚ್ಚಿಕೊಂಡೆ.

ಕಣ್ಣು ಬಿಟ್ಟಾಗ ಇಬ್ಬರೂ ಇರಲಿಲ್ಲ. ನೀರಿನ ಮೇಲೆ ಗುಳ್ಳೆಗಳಿದ್ದವು. ಮರುಳಪ್ಪ ಟ್ಯೂಬು ಎಸೆದು "ಚೌಡಮ್ಮಾ! ಯೇ ಚೌಡಮ್ಮಾ!" ಎಂದು ಅರಚುತ್ತಿದ್ದರು. ಹತ್ತು ಹುಡುಗಿಯರೂ ಗೋಡೆಗೆ ಅಂಟಿಕೊಂಡು ಅಳುತ್ತಿದ್ದರು. ಎಷ್ಟು ಹೊತ್ತು ಎಂದು ಕೇಳಿದರೆ ಹೇಳಲಾರೆ. ನಾನು ಅಷ್ಟರಲ್ಲಿ ಕೊನೆಯ ಮೆಟ್ಟಿಲಿಗೆ ಬಂದುಬಿಟ್ಟಿದ್ದೆ, ಹೇಗೆ ಬಂದೆನೋ ತಿಳಿಯದು, ಪಾದಕ್ಕೆ ನೀರು ತಾಕುತ್ತಿತ್ತು.

ನನ್ನಿಂದ ಒಂದು ಮಾರು ದೂರದಲ್ಲಿ ಅವರು ಮೇಲೆದ್ದರು. ಮೊದಲು ಕಂಡದ್ದು ಮೇಘನಾಳ ತಲೆ. ಕೆಮ್ಮುತ್ತಿತ್ತು, ಕಾರುತ್ತಿತ್ತು, ಜೀವವಿತ್ತು. ಅದರ ಕೆಳಗೆ ಚೌಡಕ್ಕ. ಹುಡುಗಿಯ ಎರಡೂ ಮಣಿಕಟ್ಟನ್ನು ತನ್ನ ಎದೆಗೆ ಒತ್ತಿ ಹಿಡಿದಿದ್ದರು, ಕಾಲು ಮಾತ್ರ ಆಡುತ್ತಿತ್ತು. ಮೆಟ್ಟಿಲಿಗೆ ಬಂದು ಕೂತರು. ಕುತ್ತಿಗೆಯ ಎರಡೂ ಕಡೆ ಉಗುರು ನೆಟ್ಟು ರಕ್ತ ಬಂದಿತ್ತು. ಮೇಘನಾಳ ಬಾಯನ್ನೇ ನೋಡಿದೆ. ಹೊಸ ಗಾಯ ಒಂದೂ ಇರಲಿಲ್ಲ.

ಮರುಳಪ್ಪ ಏದುಸಿರು ಬಿಡುತ್ತ ಕೆಳಗಿಳಿದು ಬಂದರು. ಹುಡುಗಿ ಕಣ್ಣು ಮುಚ್ಚಿ, ಇನ್ನೂ ಅದೇ ಬಿಗಿಯಲ್ಲಿ ಆ ಕುತ್ತಿಗೆಗೆ ಜೋತುಬಿದ್ದಿದ್ದಳು. ಅವಳ ಬೆರಳು ಬಿಡಿಸಲು ಮರುಳಪ್ಪ ಕೈ ಹಾಕಿದರು, ನಾನೂ ಹಾಕಿದೆ.

"ಬುಡುಸ್ಬ್ಯಾಡಿ" ಅಂದರು ಚೌಡಕ್ಕ. ಉಸಿರು ಸಿಗದೆ ಮಾತು ತುಂಡುತುಂಡಾಗಿ ಬರುತ್ತಿತ್ತು. "ಅವ್ಳೇ ಬುಡೋ ಗಂಟ... ಇರ್ಲಿ."